ಏಳನೆಯ ತಿಂಗಳಿನಲ್ಲಿ ದೂರದ ಪ್ರಯಾಣ: ಹೋಗಬಹುದೇ, ಹೋಗುವುದಾದರೆ ಹೇಗೆ?

ಮುಂಜಾವು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ ಈಗ 25 ವಾರ ತುಂಬಿದೆ, ಇದು ಚೊಚ್ಚಲ ಬಸಿರು. ಇನ್ನು ನಾಲ್ಕು ವಾರಕ್ಕೆ ತಂಗಿಯ ಮದುವೆಯಿದೆ. ಅಲ್ಲಿಗೆ ತಲುಪಬೇಕಾದರೆ ಐದು ಗಂಟೆ ವಿಮಾನದಲ್ಲಿ ಕುಳಿತು, ಇಳಿದ ಮೇಲೆ ಇನ್ನೂ ಮೂರು ಗಂಟೆ ಕಾರಿನಲ್ಲಿ ಸಾಗಬೇಕು. ಕಳೆದ ವಾರ ವೈದ್ಯರನ್ನು ಕೇಳಿದಾಗ ಅವರು “ಹೋಗಿ ಬನ್ನಿ, ಎಚ್ಚರದಿಂದಿರಿ” ಎಂದರು. ಹೊರಗೆ ಇನ್ನೂ ಹತ್ತಾರು ಮಂದಿ ಕಾಯುತ್ತಿದ್ದುದರಿಂದ ಹೆಚ್ಚು ಕೇಳಲು ನನಗೂ ಸಂಕೋಚವಾಯಿತು. ಅತ್ತೆಯವರಿಗೆ ನಾನು ಹೋಗುವುದು ಸುತರಾಂ ಇಷ್ಟವಿಲ್ಲ, ಪತಿ ನಿರ್ಧಾರವನ್ನು ನನಗೇ ಬಿಟ್ಟಿದ್ದಾರೆ. ಹೋಗಬೇಕೆಂಬ ಆಸೆ ಬಹಳವಿದೆ, ಆದರೆ “ಎಚ್ಚರ” ಎಂಬ ಆ ಒಂದು ಮಾತಿನೊಳಗೆ ಏನೇನು ಅಡಗಿದೆ ಎಂಬುದು ನನಗೆ ತಿಳಿದಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ದಾರಿದೀಪ

ನಾನು ಹಲವು ವರ್ಷಗಳಿಂದ ಹೆರಿಗೆ ವಿಭಾಗದಲ್ಲಿ ದಾದಿಯಾಗಿದ್ದೇನೆ. ಇಲ್ಲಿ ಬರೆಯುವುದು ನಿಮ್ಮ ವೈದ್ಯರ ಮಾತಿಗೆ ಬದಲಿಯಲ್ಲ, ಅವರ ಬಳಿ ಏನು ಕೇಳಬೇಕೆಂದು ತಿಳಿಯುವುದಕ್ಕೆ ಮಾತ್ರ.

ವಿಮಾನ ಒಳ್ಳೆಯದೋ ರೈಲು ಒಳ್ಳೆಯದೋ ಎಂಬ ಪ್ರಶ್ನೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ದಾರಿಯ ಯಾವುದೇ ಹಂತದಲ್ಲಿ ನಿಮಗೆ ತೊಂದರೆಯಾದರೆ ಸರಿಯಾದ ಆಸ್ಪತ್ರೆ ಎಷ್ಟು ಹೊತ್ತಿನ ದೂರದಲ್ಲಿದೆ, ಮತ್ತು ಬೇಕೆನಿಸಿದಾಗ ನಿಲ್ಲುವ, ಮಲಗುವ, ಹಿಂದಿರುಗುವ ಅವಕಾಶ ನಿಮ್ಮ ಕೈಯಲ್ಲಿ ಇದೆಯೇ ಎಂಬ ಎರಡು ವಿಷಯಗಳೇ ಪ್ರಯಾಣದ ಸುರಕ್ಷತೆಯನ್ನು ನಿರ್ಧರಿಸುತ್ತವೆ.

ಅದಕ್ಕೂ ಮೊದಲು ನಿಮ್ಮ ಬಸಿರಿನ ಸ್ಥಿತಿ ಗೊತ್ತಿರಬೇಕು. ಮಾಸು ಗರ್ಭಕೋಶದ ಬಾಯಿಯನ್ನು ಮುಚ್ಚಿಕೊಂಡಿದ್ದರೆ, ರಕ್ತಸ್ರಾವ ಆಗಿದ್ದರೆ, ರಕ್ತದೊತ್ತಡ ಏರಿದ್ದರೆ, ಗರ್ಭಕಂಠ ಗಿಡ್ಡವಾಗಿದೆಯೆಂದು ಸ್ಕ್ಯಾನಿಂಗಿನಲ್ಲಿ ಕಂಡಿದ್ದರೆ, ಹಿಂದೆ ಅವಧಿಗೆ ಮುನ್ನ ಹೆರಿಗೆಯಾಗಿದ್ದರೆ, ರಕ್ತಹೀನತೆ ತೀವ್ರವಾಗಿದ್ದರೆ, ಇಂತಹ ಪ್ರಯಾಣದ ಮಾತನ್ನು ವೈದ್ಯರೊಂದಿಗೆ ಕೂಲಂಕಷವಾಗಿ ಚರ್ಚಿಸದೆ ಎತ್ತಲೇಬಾರದು. ಇವು ಯಾವುವೂ ಇಲ್ಲದ ಬಸಿರಿಗೆ 14ರಿಂದ 28 ವಾರಗಳ ನಡುವಿನ ಕಾಲವೇ ಅತ್ಯಂತ ಅನುಕೂಲಕರ. ಮೊದಲ ಮೂರು ತಿಂಗಳ ವಾಕರಿಕೆ, ಆಯಾಸಗಳು ಅಷ್ಟರಲ್ಲಿ ತಗ್ಗಿರುತ್ತವೆ, ಹೊಟ್ಟೆಯೂ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ನೀವು ಆ ಗೆರೆಯನ್ನು ಸ್ವಲ್ಪ ದಾಟಿ ಹೋಗುತ್ತಿದ್ದೀರಿ. ಅದರಿಂದ ಹೋಗಲೇಬಾರದು ಎಂದಾಗುವುದಿಲ್ಲ, ಸಿದ್ಧತೆ ಮಾತ್ರ ಹೆಚ್ಚು ಬೇಕು.

ವಿಮಾನಯಾನ ಸಂಸ್ಥೆಗಳ ನಿಯಮಗಳು ಒಂದೇ ತೆರನಾಗಿರುವುದಿಲ್ಲ. ಒಂದೇ ಮಗುವಿದ್ದು ತೊಡಕುಗಳಿಲ್ಲದಿದ್ದರೆ ಬಹಳಷ್ಟು ಸಂಸ್ಥೆಗಳು ಸುಮಾರು 36 ವಾರಗಳವರೆಗೆ ಅನುಮತಿಸುತ್ತವೆ. ಅವಳಿಗಳಿದ್ದರೆ ಹಲವೆಡೆ 32 ವಾರಕ್ಕೇ ಮಿತಿ. 28 ವಾರ ದಾಟಿದವರಿಂದ ಅನೇಕ ಸಂಸ್ಥೆಗಳು ವೈದ್ಯರ ಪತ್ರವನ್ನು ಕೇಳುತ್ತವೆ. ಹೆರಿಗೆಯ ನಿರೀಕ್ಷಿತ ದಿನ, ಒಂದೇ ಮಗುವೋ ಅವಳಿಯೋ, ತೊಡಕುಗಳಿಲ್ಲವೆಂಬ ಮಾತು ಮತ್ತು ಪತ್ರ ಬರೆದ ದಿನಾಂಕ ಅದರಲ್ಲಿ ಇರಬೇಕು. ಬಹಳ ಹಿಂದೆಯೇ ಪಡೆದ ಪತ್ರವನ್ನು ಕೆಲವರು ಒಪ್ಪುವುದಿಲ್ಲ. ಇನ್ನೊಂದು ಮಾತು: ಲೆಕ್ಕ ಹಾಕಬೇಕಾದದ್ದು ಹೊರಡುವ ದಿನದ ವಾರವನ್ನಲ್ಲ, ಹಿಂದಿರುಗುವ ದಿನದ ವಾರವನ್ನು. ಹೋಗುವಾಗ ಸುಗಮವಾಗಿ ಹತ್ತಿಸಿಕೊಂಡು, ಬರುವಾಗ ವಾರ ಮೀರಿತೆಂದು ತಡೆದ ಪ್ರಸಂಗಗಳಿವೆ.

ನೀಲಿಕೊಡೆ

ದಾರಿದೀಪ ಅವರು ಹೇಳಿದ್ದರ ಜೊತೆಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ, ಏಕೆಂದರೆ ಇದನ್ನು ನನಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ.

ನನಗೆ 22 ವಾರವಿದ್ದಾಗ ಏಳು ಗಂಟೆ ಬಸ್ಸಿನಲ್ಲಿ ಪ್ರಯಾಣ ಮಾಡಿದೆ. ಪಕ್ಕದವರನ್ನು ಮತ್ತೆ ಮತ್ತೆ ಎಬ್ಬಿಸಲು ಮುಜುಗರವಾಗಿ ಎದ್ದು ಓಡಾಡಲಿಲ್ಲ, ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರನ್ನೂ ಕುಡಿಯಲಿಲ್ಲ. ಮೂರನೆಯ ದಿನ ಎಡಗಾಲಿನ ಮೀನಖಂಡ ನೋಯತೊಡಗಿತು. ಬಸುರಿಯರಿಗೆ ಕಾಲು ಸೆಳೆತ ಸಹಜವೆಂದು ಮನೆಯವರೆಲ್ಲ ಹೇಳಿದರು, ನಾನೂ ಎಣ್ಣೆ ತಿಕ್ಕಿಸಿಕೊಂಡೆ. ಮರುದಿನ ಆ ಒಂದೇ ಕಾಲು ಊದಿ, ಬಿಸಿಯಾಗಿ, ಬಣ್ಣವೂ ಬದಲಾಗಿತ್ತು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿದಾಗ ಒಳಗಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಂತಹ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಕಾಲು ತಿಕ್ಕಿಸಿಕೊಂಡದ್ದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ.

ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳಲೆಂದು ಬಸಿರಿನಲ್ಲಿ ದೇಹವೇ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಸಜ್ಜುಗೊಳಿಸಿಕೊಳ್ಳುತ್ತದೆ ಎಂದು ವೈದ್ಯರು ನಂತರ ವಿವರಿಸಿದರು. ಬೆಳೆಯುವ ಗರ್ಭಕೋಶವು ಕಾಲುಗಳಿಂದ ಮೇಲೇರುವ ರಕ್ತನಾಳಗಳನ್ನು ಒತ್ತುತ್ತದೆ, ಆ ಒತ್ತಡ ಎಡಭಾಗಕ್ಕೆ ಹೆಚ್ಚು. ಹೀಗಾಗಿ ಬಸಿರಿಲ್ಲದ ಹೆಣ್ಣಿಗಿಂತ ಬಸುರಿಗೆ ಹೆಪ್ಪುಗಟ್ಟುವ ಸಂಭವ ನಾಲ್ಕೈದು ಪಟ್ಟು ಹೆಚ್ಚು. ಅದರ ಮೇಲೆ ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕುಳಿತರೆ ಅಪಾಯ ಇನ್ನಷ್ಟು ಏರುತ್ತದೆ. ಇದು ವಿಮಾನಕ್ಕೆ ಮಾತ್ರ ಅಂಟಿದ ಕಾಯಿಲೆಯೆಂದು ತಿಳಿಯಬೇಡಿ. ಬಸ್ಸು, ರೈಲು, ಕಾರು ಯಾವುದಾದರೂ ಅಷ್ಟೇ. ಹೆರಿಗೆಯವರೆಗೂ, ಹೆರಿಗೆಯಾದ ಮೇಲೆ ಆರು ವಾರದವರೆಗೂ ನಾನು ದಿನವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ತೆಗೆದುಕೊಂಡೆ. ಆ ಔಷಧ ಮಾಸನ್ನು ದಾಟಿ ಮಗುವಿಗೆ ಹೋಗುವುದಿಲ್ಲವೆಂಬುದೊಂದೇ ಆಗ ನನಗಿದ್ದ ಸಮಾಧಾನ. ಮಗಳು ಈಗ ಆರೋಗ್ಯವಾಗಿದ್ದಾಳೆ.

ಮುಂಜಾವು ಅವರೇ, ನಡುದಾರಿಯ ಪಕ್ಕದ ಆಸನವನ್ನೇ ಕೇಳಿ ಪಡೆಯಿರಿ. ಗಂಟೆಗೊಮ್ಮೆ, ತಪ್ಪಿದರೆ ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆಯಿರಿ. ಕುಳಿತಿರುವಾಗಲೂ ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತ, ಹಿಮ್ಮಡಿ ಎತ್ತಿ ಇಳಿಸುತ್ತ ಇರಿ. ಕಾಲಿಗೆ ಹಾಕುವ ಬಿಗಿ ಕಾಲುಚೀಲ ನಿಮಗೆ ಬೇಕೇ, ಯಾವ ಅಳತೆಯದು ಎಂದು ವೈದ್ಯರನ್ನು ಕೇಳಿ. ಅಳತೆ ಸರಿಯಿಲ್ಲದೆ ಮಂಡಿಯ ಬಳಿ ಕಟ್ಟು ಹಾಕಿದಂತಾದರೆ ಅದರಿಂದಲೇ ತೊಂದರೆ. ನೀರು ಕುಡಿಯಿರಿ, ಎಷ್ಟು ಸಲ ಎದ್ದರೂ ಚಿಂತೆಯಿಲ್ಲ. ಯಾರಿಗೋ ಬೇಸರವಾಗುತ್ತದೆಂದು ನಾನು ಸುಮ್ಮನೆ ಕುಳಿತದ್ದು ಎಷ್ಟು ದುಬಾರಿಯಾಯಿತೆಂದು ನಿಮಗೆ ಗೊತ್ತಾಯಿತಲ್ಲ.

ಇಬ್ಬನಿ

ನನಗೆ ಈಗಷ್ಟೇ ಆರು ವಾರ. ಮುಂದಿನ ತಿಂಗಳು ಬೆಟ್ಟದ ಊರೊಂದಕ್ಕೆ ವಿಮಾನದಲ್ಲಿ ಹೋಗುವ ಯೋಚನೆಯಿದೆ. ವಿಮಾನದೊಳಗೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ, ಮಗುವಿಗೆ ಆಮ್ಲಜನಕ ಸಾಲುವುದಿಲ್ಲ ಎಂದು ಕೆಲವರು ಹೆದರಿಸುತ್ತಿದ್ದಾರೆ. ನಿಲ್ದಾಣದ ತಪಾಸಣಾ ಯಂತ್ರದಿಂದಲೂ ವಿಕಿರಣ ತಗಲುತ್ತದೆಯಂತೆ. ಇವು ನಿಜವೇ?

ದಾರಿದೀಪ

ಇಬ್ಬನಿ ಅವರೇ, ವಿಮಾನ ಎಷ್ಟೇ ಎತ್ತರದಲ್ಲಿ ಹಾರಿದರೂ ಒಳಗಿನ ಒತ್ತಡವನ್ನು ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹೊಂದಿಸಿರುತ್ತಾರೆ. ತಾಯಿಯ ರಕ್ತದಲ್ಲಿ ಆಮ್ಲಜನಕ ತುಸು ಇಳಿಯುವುದು ನಿಜ. ಆದರೆ ಹೊಟ್ಟೆಯೊಳಗಿನ ಮಗುವಿನ ಹಿಮೊಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದು, ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವಂಥದ್ದು. ಆದ್ದರಿಂದ ಆರೋಗ್ಯವಂತ ತಾಯಿಯ ಮಗುವಿಗೆ ಇದರಿಂದ ತೊಂದರೆಯಿಲ್ಲ. ತಾಯಿಗೆ ತೀವ್ರ ರಕ್ತಹೀನತೆ, ಕುಡಗೋಲು ಕಣದ ಕಾಯಿಲೆ (ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ) ಅಥವಾ ಹೃದಯ, ಶ್ವಾಸಕೋಶಗಳ ತೊಂದರೆಯಿದ್ದರೆ ಮಾತ್ರ ಲೆಕ್ಕ ಬೇರೆ. ನಿಲ್ದಾಣದಲ್ಲಿ ನಾವು ಹಾದುಹೋಗುವ ಲೋಹಶೋಧಕ ಕಮಾನು ಕಾಂತಕ್ಷೇತ್ರದಿಂದ ಕೆಲಸ ಮಾಡುತ್ತದೆ, ಅದು ಎಕ್ಸ್‌ರೇ ಅಲ್ಲ. ಎತ್ತರದಲ್ಲಿ ಹಾರುವಾಗ ಬಾಹ್ಯಾಕಾಶದ ವಿಕಿರಣ ಸ್ವಲ್ಪ ತಗಲುತ್ತದೆ, ಆದರೆ ಅಪರೂಪಕ್ಕೆ ಪ್ರಯಾಣಿಸುವವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಾಗಿಲ್ಲ. ಅದು ವಿಮಾನ ಸಿಬ್ಬಂದಿ ಮತ್ತು ವಾರವಾರವೂ ಹಾರುವವರು ವಿಚಾರಿಸಬೇಕಾದ ಸಂಗತಿ.

ನೀವು ಕೇಳದ ಆದರೆ ನಿಮಗೆ ಹೆಚ್ಚು ಮುಖ್ಯವಾದ ಮಾತೊಂದಿದೆ. ಆರನೆಯ ವಾರವೆಂದರೆ ಮಗು ಗರ್ಭಕೋಶದೊಳಗೇ ನೆಲೆಯೂರಿದೆಯೇ ಎಂಬುದು ಇನ್ನೂ ಖಚಿತವಾಗಿರಲಿಕ್ಕಿಲ್ಲ. ಅದು ಗರ್ಭನಾಳದಲ್ಲಿ ಬೆಳೆಯುತ್ತಿದ್ದು ದೂರದ ಊರಿನಲ್ಲಿ ನಾಳ ಒಡೆದರೆ, ಒಳಗೇ ರಕ್ತಸ್ರಾವವಾಗಿ ತಾಯಿಯ ಜೀವಕ್ಕೇ ಕುತ್ತು. ಮೊದಲ ಸ್ಕ್ಯಾನಿಂಗ್ ಆಗುವವರೆಗೆ ಟಿಕೆಟ್ ಕೊಳ್ಳಬೇಡಿ ಎಂದು ನಾನು ನನ್ನ ಸ್ವಂತ ತಂಗಿಗೂ ಹೇಳಿದ್ದೆ. ಬೆಟ್ಟದ ಊರಿನ ಎತ್ತರವನ್ನೂ ವಿಚಾರಿಸಿ. ಸುಮಾರು 2,500 ಮೀಟರಿಗಿಂತ ಎತ್ತರದಲ್ಲಿ, ಅದರಲ್ಲೂ ಆಸ್ಪತ್ರೆ ದೂರವಿರುವಲ್ಲಿ, ಹವೆಗೆ ಹೊಂದಿಕೊಳ್ಳದೆ ನೇರವಾಗಿ ಹೋಗಿ ತಂಗುವುದು ಬೇಡ.

ಸೊಳ್ಳೆಗಳಿರುವ ನಾಡಿಗೆ ಹೋಗುವವರು ಇದನ್ನೂ ಓದಿಕೊಳ್ಳಿ. ಮಲೇರಿಯಾ ಬಸುರಿಯರಲ್ಲಿ ಉಗ್ರವಾಗುತ್ತದೆ, ಗರ್ಭಪಾತಕ್ಕೂ ಅವಧಿಗೆ ಮುನ್ನ ಹೆರಿಗೆಗೂ ಕಾರಣವಾಗುತ್ತದೆ. ಅದನ್ನು ತಡೆಯುವ ಮಾತ್ರೆಗಳಲ್ಲಿ ಎಲ್ಲವೂ ಬಸುರಿಯರಿಗೆ ಸಲ್ಲುವುದಿಲ್ಲ, ಡಾಕ್ಸಿಸೈಕ್ಲಿನ್ ಅಂಥದ್ದೊಂದು. ಝೀಕಾ ಸೋಂಕಿನಿಂದ ಶಿಶುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗಬಲ್ಲದು. 2016ರ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಘೋಷಿಸಿದ್ದು ಇದೇ ಕಾರಣಕ್ಕೆ. ಅದು ಗಂಡನಿಂದ ಹೆಂಡತಿಗೆ ಲೈಂಗಿಕ ಸಂಪರ್ಕದ ಮೂಲಕವೂ ಹರಡುತ್ತದೆ, ಹಾಗಾಗಿ ಗಂಡ ಒಬ್ಬರೇ ಹೋಗಿ ಬಂದರೂ ಎಚ್ಚರಿಕೆ ಬೇಕು. ಜೀವಂತ ರೋಗಾಣುಗಳಿಂದ ತಯಾರಿಸಿದ ಲಸಿಕೆಗಳನ್ನು ಬಸಿರಿನಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಲಸಿಕೆ ಕಡ್ಡಾಯವಿರುವ ದೇಶಕ್ಕೆ ಹೋಗಬೇಕಾದವರು ತಿಂಗಳುಗಳ ಮೊದಲೇ ವಿಚಾರಿಸಬೇಕು.

ಕಿಟಕಿಪಕ್ಕ

ಒಬ್ಬ ಗಂಡನಾಗಿ ಕಾರಿನ ಭಾಗವನ್ನು ನಾನು ಬರೆಯುತ್ತೇನೆ. ನನ್ನ ಪತ್ನಿಗೆ ಏಳು ತಿಂಗಳಿದ್ದಾಗ, ಹೊಟ್ಟೆಗೆ ಒತ್ತುತ್ತದೆಂದು ಹಿರಿಯರು ಹೇಳಿದ ಮಾತು ಕೇಳಿ ಅವಳು ಸೀಟ್‌ಬೆಲ್ಟ್ ಹಾಕುವುದನ್ನೇ ಬಿಟ್ಟಿದ್ದಳು. ತಪಾಸಣೆಗೆ ಹೋದಾಗ ವೈದ್ಯೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ದುಪಟ್ಟಾವನ್ನೇ ಬೆಲ್ಟಿನಂತೆ ಹಿಡಿದು ತೋರಿಸಿಕೊಟ್ಟರು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಹಾಯಬಾರದು, ಹೊಟ್ಟೆಯ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಸೊಂಟದ ಎಲುಬುಗಳಿಗೆ ತಾಗಿ ಕೂರಬೇಕು. ಹೆಗಲ ಪಟ್ಟಿ ಎರಡು ಸ್ತನಗಳ ನಡುವಿನಿಂದ ಇಳಿದು ಹೊಟ್ಟೆಯ ಪಕ್ಕಕ್ಕೆ ಸರಿದು ಹೋಗಬೇಕು. ಹೆಗಲ ಪಟ್ಟಿಯನ್ನು ತೋಳಿನ ಕೆಳಗೆ ಸೇರಿಸಿಕೊಳ್ಳುವುದು ಬಹಳ ಅಪಾಯ. ಕಾರು ಯಾವುದಕ್ಕಾದರೂ ಗುದ್ದಿದಾಗ ಬೆಲ್ಟಿಲ್ಲದ ತಾಯಿ ಮುಂದಕ್ಕೆ ಎಸೆಯಲ್ಪಡುತ್ತಾಳೆ. ಮಗುವನ್ನು ಉಳಿಸುವ ಮೊದಲ ದಾರಿ ತಾಯಿಯನ್ನು ಉಳಿಸುವುದೇ. ಏರ್‌ಬ್ಯಾಗನ್ನೂ ನಿಲ್ಲಿಸಬಾರದು. ಆಸನವನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು. ತಾವೇ ಕಾರು ಓಡಿಸುವವರಾದರೆ ಎದೆಯ ಮೂಳೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ, ಅಷ್ಟು ಅಂತರ ಸಿಗದಷ್ಟು ಹೊಟ್ಟೆ ಬಂದಿದ್ದರೆ ಓಡಿಸುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಆ ಪಾಠ ಕಲಿತ ಎರಡೇ ವಾರಕ್ಕೆ ಹಿಂದಿನ ವಾಹನ ನಮ್ಮ ಕಾರಿಗೆ ಮೆಲ್ಲಗೆ ತಾಗಿತು. ಅವಳಿಗೆ ಗೀರುಗಾಯವೂ ಆಗಿರಲಿಲ್ಲ, ಮನೆಗೆ ಹೋಗೋಣವೆಂದೇ ಅವಳೂ ಹೇಳಿದಳು. ನಾನು ಒಪ್ಪದೆ ಆಸ್ಪತ್ರೆಗೆ ಕರೆದೊಯ್ದೆ. ಮೇಲ್ನೋಟಕ್ಕೆ ಏನೂ ಕಾಣದಿದ್ದರೂ ಸಣ್ಣ ಆಘಾತಕ್ಕೆ ಮಾಸು ಗರ್ಭಕೋಶದ ಗೋಡೆಯಿಂದ ಬಿಡಿಸಿಕೊಳ್ಳಬಹುದು ಎಂದು ಹೇಳಿ, ಮಗುವಿನ ಹೃದಯ ಬಡಿತವನ್ನು ನಾಲ್ಕು ಗಂಟೆ ಗಮನಿಸಿದ ಮೇಲೆಯೇ ಕಳುಹಿಸಿದರು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇಂತಹ ಸಂದರ್ಭದಲ್ಲಿ 72 ಗಂಟೆಗಳೊಳಗೆ, ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಕೊಡಬೇಕಾಗುತ್ತದೆ ಎಂಬುದೂ ಅಂದೇ ತಿಳಿಯಿತು. ಜೊತೆಯಲ್ಲಿ ಹೋಗುವವರಿಗೆ ರಕ್ತದ ಗುಂಪು ಬಾಯಿಪಾಠವಾಗಿರಲಿ.

ತೊಟ್ಟಿಲು

ಎಲ್ಲರೂ ಹೇಗೆ ಹೋಗಬೇಕೆಂದು ಬರೆದಿದ್ದೀರಿ. ಹೋಗದೆ ಉಳಿದವಳ ಮಾತನ್ನೂ ಕೇಳಿ.

ನನ್ನ ಅಣ್ಣನ ಗೃಹಪ್ರವೇಶಕ್ಕೆ 30ನೆಯ ವಾರದಲ್ಲಿ ಹೋಗಬೇಕಿತ್ತು. ಅದಕ್ಕೆ ಹದಿನೈದು ದಿನ ಮೊದಲು ಮಾಡಿದ ಸ್ಕ್ಯಾನಿಂಗಿನಲ್ಲಿ ಗರ್ಭಕಂಠ ಗಿಡ್ಡವಾಗಿದೆಯೆಂದು ತಿಳಿಯಿತು, ಅವಧಿಗೆ ಮುನ್ನ ಹೆರಿಗೆಯಾಗಬಹುದೆಂದು ವೈದ್ಯರು ಪ್ರಯಾಣ ಬೇಡವೆಂದರು. ನನಗೆ ನೋವಿರಲಿಲ್ಲ, ಸ್ರಾವವಿರಲಿಲ್ಲ, ದಿನದ ಕೆಲಸಗಳನ್ನೆಲ್ಲ ಮಾಡಿಕೊಂಡಿದ್ದೆ. ಇಷ್ಟಕ್ಕೆ ಏಕೆ ತಡೆಯುತ್ತಾರೆಂದು ಅತ್ತೆ ಕೇಳಿದರು. ಅಣ್ಣನೂ ಬೇಸರ ಮಾಡಿಕೊಂಡ. 31ನೆಯ ವಾರಕ್ಕೆ ಮಗ ಹುಟ್ಟಿದ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಉಸಿರಾಟಕ್ಕೆ ಆಸರೆ, ದೇಹದ ಬಿಸಿ ಕಾಯುವ ಪೆಟ್ಟಿಗೆ, ನಳಿಕೆಯ ಮೂಲಕ ಹಾಲು ಎಲ್ಲವೂ ಬೇಕಾಗುತ್ತದೆ. ನವಜಾತ ಶಿಶುಗಳ ತೀವ್ರ ನಿಗಾ ಘಟಕವಿದ್ದ ಆಸ್ಪತ್ರೆ ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿತ್ತು, ಅಣ್ಣನ ಊರಿನಿಂದ ಅಂತಹ ಆಸ್ಪತ್ರೆ ನಾಲ್ಕು ಗಂಟೆಯ ದೂರ. ಮಗನನ್ನು ನೋಡಲು ಬಂದ ದಿನ ಅಣ್ಣ ಗಾಜಿನ ಹೊರಗೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದ.

ಮುಂಜಾವು, ನಿಮ್ಮನ್ನು ತಡೆಯಲೆಂದು ಇದನ್ನು ಬರೆಯುತ್ತಿಲ್ಲ. ನೀವು ಹೋಗುವ ಊರಿನಲ್ಲಿ ಹೆರಿಗೆ ಆಸ್ಪತ್ರೆ ಇದೆಯೇ ಎಂದು ಕೇಳಿದರೆ ಸಾಲದು, 29 ವಾರದ ಮಗುವನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆ ಎಲ್ಲಿದೆ ಎಂದು ಕೇಳಿ. ಪ್ರಯಾಣ ವಿಮೆ ಮಾಡಿಸುವುದಾದರೆ ಎಷ್ಟನೆಯ ವಾರದವರೆಗೆ ಅದು ಅನ್ವಯಿಸುತ್ತದೆ, ಹುಟ್ಟಿದ ಮಗುವಿನ ವೆಚ್ಚವೂ ಸೇರಿದೆಯೇ ಎಂದು ಓದಿ ನೋಡಿ; ತಾಯಿಯ ವೆಚ್ಚವನ್ನು ಭರಿಸಿ ಮಗುವಿನದನ್ನು ಬಿಡುವ ವಿಮೆಗಳೂ ಇವೆ.

ಮುಂಜಾವು

ನಿಮ್ಮೆಲ್ಲರ ಮಾತುಗಳನ್ನು ಕಾಗದದಲ್ಲಿ ಬರೆದುಕೊಂಡು ಮತ್ತೆ ವೈದ್ಯರ ಬಳಿಗೆ ಹೋದೆ. ಈ ಬಾರಿ ಸಂಕೋಚಪಡದೆ ಒಂದೊಂದನ್ನೇ ಕೇಳಿದೆ, ಅವರೂ ಸಮಾಧಾನದಿಂದ ಉತ್ತರಿಸಿದರು. ಮಾಸು ಮೇಲ್ಭಾಗದಲ್ಲೇ ಇದೆ, ಗರ್ಭಕಂಠದ ಉದ್ದ ಸರಿಯಾಗಿದೆ, ರಕ್ತದೊತ್ತಡವೂ ಸಹಜ. ನನ್ನ ರಕ್ತದ ಗುಂಪು ನೆಗೆಟಿವ್ ಆದ್ದರಿಂದ 28ನೆಯ ವಾರದಲ್ಲಿ ಆಂಟಿ-ಡಿ ಚುಚ್ಚುಮದ್ದು ಹೇಗೂ ಇತ್ತು, ಅದನ್ನು ಮುಗಿಸಿಕೊಂಡೇ ಹೊರಡಬೇಕೆಂದರು. ಪತ್ರವನ್ನು ಹೊರಡುವ ವಾರದಲ್ಲಿ ಕೊಡುತ್ತಾರೆ.

ಅತ್ತೆಯವರಿಗೆ ನೀಲಿಕೊಡೆ ಮತ್ತು ತೊಟ್ಟಿಲು ಅವರ ಬರಹಗಳನ್ನು ಓದಿ ಹೇಳಿದೆ. ಹೆದರಿ ಇನ್ನೂ ಬೇಡವೆನ್ನುತ್ತಾರೆಂದುಕೊಂಡಿದ್ದೆ. ಆದರೆ ನಾನು ಇಷ್ಟೆಲ್ಲ ವಿಚಾರಿಸಿದ್ದೇನೆಂದು ತಿಳಿದು ಅವರ ಮನಸ್ಸು ಹಗುರವಾಯಿತು. ಅವರೂ ಜೊತೆಗೆ ಬರುತ್ತಾರೆ. ತಂಗಿಗೂ ಫೋನ್ ಮಾಡಿ, ಹೊರಡುವ ಹಿಂದಿನ ಸಂಜೆ ವೈದ್ಯರು ಬೇಡವೆಂದರೂ ನಾನು ಬರುವುದಿಲ್ಲ, ನೀನು ನೊಂದುಕೊಳ್ಳಬಾರದು ಎಂದು ಹೇಳಿದ್ದೇನೆ.

ದಾರಿದೀಪ

ಬಹಳ ಸಂತೋಷ. ತಪಾಸಣೆಯ ಕಾಗದಗಳನ್ನೆಲ್ಲ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸಾಮಾನಿನ ಪೆಟ್ಟಿಗೆಯಲ್ಲಿ ಬೇಡ, ಔಷಧಗಳೂ ಹಾಗೆಯೇ. ವಿಮಾನದಲ್ಲಿ ಗಾಳಿ ತೀರಾ ಒಣಗಿರುತ್ತದೆ, ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಕುಳಿತಿರುವಷ್ಟು ಹೊತ್ತೂ ಬೆಲ್ಟ್ ಇರಲಿ, ಹೊಟ್ಟೆಯ ಕೆಳಗೆ. ಕಾರಿನಲ್ಲಿ ಅಡ್ಡಾಗಬೇಕೆನಿಸಿದರೆ ನಿಲ್ಲಿಸಿ ಅಡ್ಡಾಗಿ, ಅಂಗಾತ ಮಲಗಬೇಡಿ. ಈ ತಿಂಗಳುಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತಬಹುದು, ಎಡಮಗ್ಗುಲೇ ಮೇಲು. ವಾಕರಿಕೆಗೆ ಯಾವ ಮಾತ್ರೆಯನ್ನೂ ಅಂಗಡಿಯವರನ್ನು ಕೇಳಿ ನುಂಗಬೇಡಿ.

ಇವುಗಳಲ್ಲಿ ಯಾವುದಾದರೂ ಕಂಡರೆ ಮದುವೆಯ ಮುಹೂರ್ತವೇ ಇದ್ದರೂ ಎದ್ದು ಆಸ್ಪತ್ರೆಗೆ ಹೋಗಿ: ರಕ್ತ ಅಥವಾ ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಒಮ್ಮೆಲೇ ಊದುವುದು, ಒಂದೇ ಕಾಲು ನೋಯುವುದು, ಎದೆನೋವು ಅಥವಾ ಏದುಸಿರು, ಮಗುವಿನ ಚಲನೆ ಎಂದಿನಂತಿಲ್ಲದಿರುವುದು, ಹೊಟ್ಟೆ ಲಯಬದ್ಧವಾಗಿ ಮತ್ತೆ ಮತ್ತೆ ಬಿಗಿಯುವುದು.

ಮುಂಜಾವು

ಹಿಂದಿರುಗಿ ಎರಡು ದಿನವಾಯಿತು, 30 ವಾರ ತುಂಬಿದೆ. ಎಲ್ಲರೂ ಕಾಯುತ್ತಿರಬಹುದೆಂದು ಬರೆಯುತ್ತಿದ್ದೇನೆ.

ವಿಮಾನದಲ್ಲಿ ನಾಲ್ಕು ಸಲ ಎದ್ದು ನಡೆದೆ. ಪಕ್ಕದವರು ಬೇಸರಿಸುವ ಬದಲು ನಾನು ಏಳುವುದನ್ನು ತಾವೇ ನೆನಪಿಸತೊಡಗಿದರು. ಮೂರು ಗಂಟೆಯ ಕಾರಿನ ದಾರಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಪಾದಗಳು ಊದಿದವು, ಆದರೆ ಎರಡೂ ಸಮನಾಗಿ, ಬೆಳಗಾಗುವಷ್ಟರಲ್ಲಿ ಇಳಿದವು.

ಮದುವೆಯ ಹಿಂದಿನ ರಾತ್ರಿ ಹೊಟ್ಟೆ ಹತ್ತು ನಿಮಿಷಕ್ಕೊಮ್ಮೆ ಬಿಗಿಯತೊಡಗಿತು. ನೀರು ಕುಡಿದು ಎಡಮಗ್ಗುಲಾಗಿ ಒಂದು ಗಂಟೆ ಮಲಗಿದೆ, ನಿಲ್ಲಲಿಲ್ಲ. ಮನೆ ತುಂಬ ನೆಂಟರು, ಎಲ್ಲರೂ ಅದು ಆಯಾಸವೆಂದೇ ಹೇಳಿದರು. ನೀವು ಬರೆದದ್ದನ್ನು ಓದಿರದಿದ್ದರೆ ನಾನೂ ಹಾಗೆಯೇ ಎಂದುಕೊಂಡು ಮಲಗಿಬಿಡುತ್ತಿದ್ದೆ. ಮೊದಲೇ ಗುರುತಿಟ್ಟುಕೊಂಡಿದ್ದ ಆಸ್ಪತ್ರೆಗೆ ಮೂವತ್ತೈದು ನಿಮಿಷದಲ್ಲಿ ತಲುಪಿದೆವು. ಅಲ್ಲಿನ ವೈದ್ಯೆ ಕಾಗದಗಳನ್ನು ನೋಡಿ, ಗರ್ಭಕಂಠವನ್ನು ಪರೀಕ್ಷಿಸಿ, ಮಗುವಿನ ಹೃದಯ ಬಡಿತವನ್ನು ಗಮನಿಸುತ್ತ ಬೆಳಗಿನ ಜಾವದವರೆಗೂ ಇರಿಸಿಕೊಂಡರು. ಹೆರಿಗೆ ನೋವಾಗಿರಲಿಲ್ಲ, ಮೂತ್ರದ ಸೋಂಕು ಇತ್ತು. ಅದೂ ಗರ್ಭಕೋಶವನ್ನು ಹೀಗೆ ಕೆರಳಿಸಬಲ್ಲದಂತೆ, ನಿರ್ಲಕ್ಷಿಸಿದರೆ ಅವಧಿಗೆ ಮುನ್ನ ಹೆರಿಗೆಗೂ ಎಡೆಮಾಡುತ್ತದಂತೆ. ಮಾತ್ರೆ ಕೊಟ್ಟು ಕಳುಹಿಸಿದರು. ಧಾರೆಯ ಹೊತ್ತಿಗೆ ನಾನು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ತಂಗಿಯ ಎದುರಿಗೇ ಕುಳಿತಿದ್ದೆ. ಇಲ್ಲಿಗೆ ಬಂದ ಮೇಲೆ ಮತ್ತೊಮ್ಮೆ ಮೂತ್ರ ಪರೀಕ್ಷೆ ಮಾಡಿಸಿದೆ, ಸೋಂಕು ಹೋಗಿದೆ.

ಇಬ್ಬನಿ ಅವರೇ, ನಿಮ್ಮ ಸ್ಕ್ಯಾನಿಂಗ್ ಈ ವಾರವಲ್ಲವೇ? ಆದ ಕೂಡಲೇ ಇಲ್ಲಿ ಒಂದು ಸಾಲು ಬರೆಯಿರಿ.